ಇನ್ನೊಂದು ಮೂವತ್ತೈದು

ಐವತ್ತಮೂರನೇ ವಯಸ್ಸಿನಲ್ಲಿ ಮದುವೆಯಾಗುತ್ತೇನೆ ಎಂದು ಅಕ್ಕ ಹೇಳಿದಾಗ ತಮ್ಮ ಕ್ಯಾಮೆರಾದ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತಿದ್ದ. ಯಾರ ಜೊತೆ ಎಂದು ಕೇಳುವುದಕ್ಕೂ ಮುಂಚೆ ಅವನ ಬಾಯಿಂದ ಬಂದದ್ದು, ಯಾವತ್ತು ಎಂಬ ಪ್ರಶ್ನೆ. ಆ ದಿನ ಬೇರೆ ಕೆಲಸ ಒಪ್ಪಿಕೊಂಡಿದ್ದೇವೆಯೋ ಏನೋ, ನೋಡಬೇಕಿತ್ತು.

ಇಬ್ಬರೂ ಸಮಾರಂಭಗಳ ಫೋಟೋ ತೆಗೆಯುವವರು. ಮದುವೆ, ಬೀಳ್ಕೊಡುಗೆ, ಕಂಪನಿಯ ವಾರ್ಷಿಕೋತ್ಸವ, ನಾಲ್ಕು ಜನ ಸೇರುವ ಯಾವ ಜಾಗವಾದರೂ ಸರಿ, ಹತ್ತೊಂಬತ್ತು ವರ್ಷ ಜೊತೆಯಾಗಿಯೇ ಹೋಗಿದ್ದರು. ಜನರ ಬಾಯಲ್ಲಿ ಅಕ್ಕ ದೊಡ್ಡ ಕ್ಯಾಮೆರಾ, ಅವನು ಚಿಕ್ಕ ಕ್ಯಾಮೆರಾ. ಅವನು ಅವಳಿಗಿಂತ ಗೇಣುದ್ದ ಎತ್ತರವಿದ್ದರೂ ಆ ಹೆಸರು ಬದಲಾಗಲಿಲ್ಲ. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಅವನಿಗೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಒಬ್ಬರನ್ನೊಬ್ಬರು ಕೇಳಿದ್ದೇ ಇಲ್ಲ.

ಜೂಮ್ ಲೆನ್ಸನ್ನು ಅಕ್ಕ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ದೇವರು ಎರಡು ಕಾಲು ಕೊಟ್ಟಿರುವುದು ಯಾತಕ್ಕೆ ಎನ್ನುವುದು ಅವಳ ವಾದ. ಅವರವು ಪ್ರೈಮ್ ಲೆನ್ಸುಗಳು. ಹತ್ತಿರಕ್ಕೂ ಎಳೆಯಲಾಗದ, ದೂರಕ್ಕೂ ತಳ್ಳಲಾಗದ, ಒಂದೇ ಅಳತೆಯವು. ಅವನದು ಮೂವತ್ತೈದು ಎಂಎಂ. ಜನರ ನಡುವೆ ನುಸುಳಿ, ಭುಜಕ್ಕೆ ಭುಜ ತಾಗಿಸಿಕೊಂಡು ಇಡೀ ಕೋಣೆಯನ್ನು ಹಿಡಿಯುವಂಥದ್ದು. ಅವಳದು ಎಂಬತ್ತೈದು. ದೂರ ನಿಂತು ಒಂದೇ ಮುಖವನ್ನು ಆರಿಸಿಕೊಳ್ಳುವಂಥದ್ದು. ಮೂರು ಸಲ ಯಾವುದೋ ಒಂದು ಲೆನ್ಸು ಕೈಕೊಟ್ಟಿತ್ತು. ಮೂರು ಸಲವೂ ಇನ್ನೊಬ್ಬರು ಕೆಲಸವನ್ನು ದಡ ಮುಟ್ಟಿಸಿದ್ದರು. ಒಂದು ಬ್ಯಾಕಪ್ ಇಟ್ಟುಕೊಳ್ಳಿ ಎಂದು ಯಾರಾದರೂ ಬುದ್ಧಿ ಹೇಳಿದರೆ ಅಕ್ಕ ನಗುತ್ತಿದ್ದಳು. ನನಗೆ ಇವನಿದ್ದಾನೆ, ಇವನಿಗೆ ನಾನಿದ್ದೇನೆ, ಇನ್ನು ಮೂರನೆಯದು ಯಾಕೆ ಎನ್ನುತ್ತಿದ್ದಳು.

ವರ ನಿವೃತ್ತ ಸರ್ವೇಯರ್, ಹೆಂಡತಿ ತೀರಿಕೊಂಡವರು. ಅವರ ಬೀಳ್ಕೊಡುಗೆಯ ಫೋಟೋ ತೆಗೆದದ್ದು ಇವರೇ. ಹಾರ ಹಾಕಿಸಿಕೊಂಡ ಚಿತ್ರವಾಗಲಿ ಭಾಷಣ ಮಾಡಿದ್ದಾಗಲಿ ಅವರಿಗೆ ಬೇಕಿರಲಿಲ್ಲ. ಕಿಟಕಿಯ ಹತ್ತಿರ ಒಬ್ಬರೇ ನಿಂತು ಷರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದ ಚಿತ್ರದ ಇನ್ನೊಂದು ಪ್ರತಿ ಸಿಕ್ಕೀತೇ ಎಂದು ಫೋನ್ ಮಾಡಿದರು. ಅದನ್ನು ತೆಗೆದವಳು ಅಕ್ಕ. ಒಂದು ಫೋನು ಹತ್ತಾಯಿತು. ಅವರ ಮನೆ ರೈಲಿನಲ್ಲಿ ಆರು ಗಂಟೆಯ ದಾರಿ.

ಕೆಲಸ ಬಿಡುತ್ತೀಯಾ ಎಂದು ತಮ್ಮ ಕೇಳಿದ. ಎಂಬತ್ತೈದರ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಅವನ ಚೀಲಕ್ಕೆ ಹಾಕುತ್ತ ಅಕ್ಕ ಹೇಳಿದಳು: "ಇಷ್ಟು ವರ್ಷ ಫೋಟೋ ತೆಗ್ದೆ ಕಣೋ. ಇನ್ಮೇಲೆ ಸ್ವಲ್ಪ ಫೋಟೋದಲ್ಲಿರ್ತೀನಿ."

ಮದುವೆ ನಡೆದದ್ದು ನೋಂದಣಿ ಕಚೇರಿಯ ಮಹಡಿಯ ಕೋಣೆಯಲ್ಲಿ. ಒಂದು ಮೇಜು, ಗೋಡೆಯುದ್ದಕ್ಕೂ ಕಡತದ ಬೀರುಗಳು, ಹನ್ನೆರಡು ಜನ. ಕೈಕಾಲು ಆಡಿಸಲೂ ಜಾಗವಿರಲಿಲ್ಲ. ಮೂವತ್ತೈದಕ್ಕೆ ಹೇಳಿ ಮಾಡಿಸಿದ ಕೋಣೆ. ತಮ್ಮ ಮೇಜಿನ ಪಕ್ಕದಲ್ಲಿ ಮೊಣಕಾಲೂರಿ ಕೂತ. ಅಕ್ಕ ಪೆನ್ನು ಕೈಗೆತ್ತಿಕೊಂಡಳು. ಅದೇ ಹೊತ್ತಿಗೆ ಲೆನ್ಸಿನೊಳಗೆ ಕರ್ರೆಂದು ಸದ್ದಾಯಿತು. ಕಣ್ಣಿಗೆ ಕಂಡದ್ದೆಲ್ಲ ಮಂಜು. ಮುಂದಿನ ಫೋಕಸ್ ಬಳೆಯನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಅದು ಸುಮ್ಮನೆ ತಿರುಗಿತು, ಮಂಜು ಕರಗಲಿಲ್ಲ. ಅಭ್ಯಾಸಬಲದಿಂದ ಅವನು ತಲೆಯೆತ್ತಿ ಕೋಣೆಯ ಇನ್ನೊಂದು ಮೂಲೆಯನ್ನು ನೋಡಿದ. ಇಂಥ ಹೊತ್ತಿನಲ್ಲಿ ಅಲ್ಲಿಂದ ಒಂದು ಕೈ ಮೇಲೇಳುತ್ತಿತ್ತು: ನಾನು ನೋಡ್ಕೋತೀನಿ, ನೀನು ಸರಿಮಾಡ್ಕೋ. ಮೂಲೆಯಲ್ಲಿ ಒಂದು ಕೊಡೆ ನೇತಾಡುತ್ತಿತ್ತು. ಕೈ ಎತ್ತಬೇಕಾದವಳು ಸಹಿ ಹಾಕಲು ಬಗ್ಗಿದ್ದಳು.

ಎಂಬತ್ತೈದನ್ನು ಹಾಕಿ ನೋಡಿದ. ಅವಳ ಕಿವಿ ಮತ್ತು ಅರ್ಧ ಕೆನ್ನೆಯಷ್ಟೇ ಕಂಡವು. ಹಿಂದೆ ಸರಿದ, ಬೆನ್ನಿಗೆ ಬೀರು ತಗಲಿತು. ಕೊನೆಗೆ ಅವರಿವರನ್ನು ದಾಟಿಕೊಂಡು ಬಾಗಿಲಿನಾಚೆ ಕಾರಿಡಾರಿಗೆ ಬಂದ. ಅಲ್ಲಿಂದ ಅವಳು ಪೂರ್ತಿ ಕಂಡಳು. ಸಹಿ ಹಾಕಿ ತಲೆಯೆತ್ತಿದ ಅಕ್ಕ ಅವನನ್ನು ಮೇಜಿನ ಪಕ್ಕದಲ್ಲಿ ಹುಡುಕಿ, ಆಮೇಲೆ ಬಾಗಿಲಿನಾಚೆ ಕಂಡಳು.

"ಅಲ್ಯಾಕೋ ನಿಂತಿದೀಯಾ? ಒಳಗ್ ಬಾ."

"ಒಳಗ್ ಬಂದ್ರೆ ನೀನು ಹಿಡಿಸಲ್ಲ ಅಕ್ಕ," ಎಂದ.

ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಲೆನ್ಸು ಕೆಟ್ಟಿದೆಯೆಂದು ಅವಳಿಗೆ ಹೇಳದೆಯೇ ಗೊತ್ತಾಯಿತು. ಎದ್ದು ಬರಲು ಕುರ್ಚಿ ಹಿಂದಕ್ಕೆ ತಳ್ಳಿದಳು. ಅಷ್ಟರಲ್ಲಿ ಅಧಿಕಾರಿ ಇನ್ನೊಂದು ಪುಟ ತಿರುವಿ ಇಲ್ಲೂ ಒಂದು ಸಹಿ ಎಂದರು.

ಗುಂಪಿನ ಫೋಟೋಗೆ ಎಲ್ಲರನ್ನೂ ಕೆಳಗಿಳಿಸಿ ಮೆಟ್ಟಿಲ ಮೇಲೆ ನಿಲ್ಲಿಸಬೇಕಾಯಿತು. ಹನ್ನೆರಡು ಜನ ಎಂಬತ್ತೈದಕ್ಕೆ ಹಿಡಿಸಬೇಕಾದರೆ ಅವನು ರಸ್ತೆ ದಾಟಿ ಎದುರಿನ ಫುಟ್‌ಪಾತಿಗೆ ಹೋಗಬೇಕು. ಹೋದ. ಕೂಗಿದರೆ ಕೇಳದು, ಕೈಸನ್ನೆಯಲ್ಲೇ ಹತ್ತಿರ ಬನ್ನಿ, ಗಲ್ಲ ಎತ್ತಿ ಎಂದ. ನಡುವೆ ಬಸ್ಸೊಂದು ಬಂದರೆ ಅಕ್ಕ ಇಲ್ಲವಾಗುತ್ತಿದ್ದಳು, ಬಸ್ಸು ಹೋದರೆ ಮತ್ತೆ ಇರುತ್ತಿದ್ದಳು. ಹಾಗೆ ಕಾದು ಕಾದು ಏಳು ಫೋಟೋ ತೆಗೆದ. ಮಧ್ಯಾಹ್ನದ ರೈಲಿಗೆ ಅಕ್ಕ ಭಾವ ಹೊರಟರು.

ಮರುವಾರ ಕೆಟ್ಟ ಲೆನ್ಸನ್ನು ರಿಪೇರಿಯವರ ಹತ್ತಿರ ಒಯ್ದ. ಅವರು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಮೋಟರು ಸತ್ತಿದೆ, ಬಿಡಿಭಾಗ ಬರಲು ಆರು ವಾರ ಎಂದರು. ಅವನಿಗೆ ಹತ್ತು ದಿನದಲ್ಲಿ ಒಂದು ಕೆಲಸವಿತ್ತು. ಸೆಕೆಂಡ್‌ಹ್ಯಾಂಡ್ ಕಪಾಟಿನಿಂದ ಎರಡು ಲೆನ್ಸ್ ತೆಗೆದು ಮುಂದಿಟ್ಟರು: ಒಂದು ಐವತ್ತು, ಇನ್ನೊಂದು ಹಳೆಯ, ಪುಟ್ಟ ಮೂವತ್ತೈದು. ಐವತ್ತನ್ನೇ ಒಯ್ಯಿರಿ ಎಂಬುದು ಅವರ ಸಲಹೆ.

"ಸ್ಟೆಪ್ನಿ ಅಂದ್ಮೇಲೆ ಯಾವ ಚಕ್ರಕ್ಕೂ ಹೊಂದ್ಬೇಕಲ್ವಾ? ಮೂವತ್ತೈದು ಹೋದ್ರೂ ಐವತ್ತು ನಡೆಯುತ್ತೆ, ಎಂಬತ್ತೈದು ಹೋದ್ರೂ ನಡೆಯುತ್ತೆ."

ಮಾತು ಸರಿಯಾಗಿಯೇ ಇತ್ತು. ಐವತ್ತನ್ನು ಹಾಕಿ ರಿಪೇರಿಯವರನ್ನೇ ನೋಡಿದ. ಕೌಂಟರಿನಾಚೆ ಅವರು ಎಷ್ಟು ದೂರವಿದ್ದರೋ ಅಷ್ಟೇ ದೂರ ಕಂಡರು. ಅಕ್ಕನನ್ನು ಕೇಳೋಣವೆಂದು ಫೋನ್ ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಅವರಿಬ್ಬರೂ ಎಲ್ಲೋ ತಿರುಗಾಡಲು ಹೋಗಿರಬೇಕು. ಇನ್ನೊಮ್ಮೆ ಮಾಡಲು ಹೋಗಿ ಬಿಟ್ಟ. ಲೆನ್ಸ್ ಒಂದನ್ನು ಒಬ್ಬನೇ ಆರಿಸುವುದು ಇದೇ ಮೊದಲು.

"ಮೂವತ್ತೈದೇ ಕೊಡಿ," ಎಂದ.

ಯಾಕೆ ಎಂದು ಅವರು ಕೇಳಿದರು.

"ಎಂಬತ್ತೈದು ಕೆಟ್ರೆ ನಾಲ್ಕು ಹೆಜ್ಜೆ ಮುಂದೆ ಹೋಗ್ಬಹುದು. ಮೂವತ್ತೈದು ಕೆಟ್ರೆ ಗೋಡೆ ಹಿಂದಕ್ಕೆ ತಳ್ಳಕ್ಕಾಗಲ್ಲ." ಐವತ್ತನ್ನು ಕ್ಯಾಮೆರಾದಿಂದ ಬಿಚ್ಚುತ್ತ, "ಇನ್ನೊಂದ್ಸಲ ಕೋಣೆಯಿಂದ ಆಚೆ ಹೋಗಿ ನಿಲ್ಲಕ್ಕೆ ನನ್ನಿಂದಾಗಲ್ಲ," ಎಂದ.

ರಿಪೇರಿಯವರು ಲೆನ್ಸಿಗೆ ಹೊಂದುವ ಮುಚ್ಚಳ ಹುಡುಕಲು ಬಗ್ಗಿದರು. ಮೊದಲನೆಯದು ರಿಪೇರಿಯಾಗಿ ಬಂದಮೇಲೂ ಈ ಪುಟ್ಟದ್ದು ಚೀಲದಲ್ಲೇ ಇರಲಿ ಎಂದು ಅವನು ಆಗಲೇ ನಿರ್ಧರಿಸಿಯಾಗಿತ್ತು.

ಹತ್ತು ದಿನದ ಮೇಲಿನ ಕೆಲಸ ಒಬ್ಬ ಗ್ರಂಥಪಾಲಕಿಯ ಬೀಳ್ಕೊಡುಗೆ. ಬಲ ಭುಜಕ್ಕೊಂದು ಕ್ಯಾಮೆರಾ, ಎಡ ಭುಜಕ್ಕೊಂದು. ಒಂದರಲ್ಲಿ ಪುಟ್ಟ ಮೂವತ್ತೈದು, ಇನ್ನೊಂದರಲ್ಲಿ ಎಂಬತ್ತೈದು. ಒಮ್ಮೆ ಹತ್ತಿರ ಓಡಿ, ಒಮ್ಮೆ ದೂರ ಓಡಿ, ಇಬ್ಬರ ಕೆಲಸಕ್ಕೆ ಒಂದೇ ಜೊತೆ ಕಾಲು. ಯಾವ ಲೆನ್ಸೂ ಕೈಕೊಡಲಿಲ್ಲ. ಕಷ್ಟವಾದದ್ದು ಬೇರೆ ಕಡೆ. ಯಾರಿಗಾದರೂ ಅಳು ಬರುವ ಹಾಗಿದ್ದರೆ ಅಕ್ಕ ಸಭೆಯ ಆಚೆ ತುದಿಯಿಂದ ತನ್ನ ಕಿವಿ ಮುಟ್ಟಿಕೊಳ್ಳುತ್ತಿದ್ದಳು. ಅವನು ಆ ಕಡೆ ತಿರುಗುತ್ತಿದ್ದ. ಈಗ ಆಚೆ ತುದಿಯನ್ನು ನೋಡಿದಾಗಲೆಲ್ಲ ಟ್ರೇ ಹಿಡಿದ ಮಾಣಿ, ತನ್ನನ್ನೇ ಕರೆದರೆಂದು ತಿಳಿದು, ಕಾಫಿ ತರುತ್ತಿದ್ದ. ಸಂಕೋಚಕ್ಕೆ ಬಿದ್ದು ನಾಲ್ಕು ಕಪ್ ಕುಡಿದ. ಗ್ರಂಥಪಾಲಕಿ ಯಾವಾಗ ಅತ್ತರೋ ಅವನಿಗೆ ಗೊತ್ತಾಗಲಿಲ್ಲ. ನೋಡುವ ಹೊತ್ತಿಗೆ ಅವರು ಕಣ್ಣು ಒರೆಸಿಕೊಂಡಾಗಿತ್ತು.

ಮನೆಗೆ ಬಂದು ಇಪ್ಪತ್ತು ಚಿತ್ರಗಳನ್ನು ಅಕ್ಕನಿಗೆ ಕಳಿಸಿದ. ಸಂಜೆ ಅವಳೇ ಫೋನ್ ಮಾಡಿದಳು. ಹೊಸ ಮನೆಯ ಗಲಾಟೆಯಲ್ಲಿ ಅವಳ ದನಿ ಹಗುರಾಗಿತ್ತು. "ಎಲ್ಲಾ ನೋಡ್ದೆ ಕಣೋ. ಒಂದಕ್ಕಿಂತ ಒಂದು ಚೆನ್ನಾಗಿದೆ," ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಅವಳು ಅವನ ಒಂದು ಚಿತ್ರವನ್ನೂ ಸುಮ್ಮನೆ ಚೆನ್ನಾಗಿದೆ ಎಂದವಳಲ್ಲ. ಇದರ ತಲೆ ಕತ್ತರಿಸಿದೆ, ಇದಕ್ಕೆ ಬೆಳಕು ಸಾಲದು, ಇದನ್ನು ತೆಗೆಯುವಾಗ ನಿದ್ದೆ ಮಾಡುತ್ತಿದ್ದೆಯಾ ಎನ್ನುತ್ತಿದ್ದಳು. ಮೂರನೇ ಚಿತ್ರದಲ್ಲಿ ಗೋಡೆಯೇ ವಾಲಿತ್ತು, ಅದನ್ನೂ ಅವಳು ಎತ್ತಲಿಲ್ಲ. ಆಲ್ಬಮ್ ನೋಡಲು ಬಂದ ನೆಂಟರು ಹೀಗೆಯೇ ಮಾತಾಡುತ್ತಾರೆ. ಅವಳು ಸುಖವಾಗಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅದರಿಂದ ಸಂತೋಷವೂ ಆಯಿತು.

ಭಾವನ ಮಂಡಿನೋವು ಹೇಗಿದೆ ಎಂದು ಕೇಳಿದ. ಪರವಾಗಿಲ್ಲ ಎಂದಳು. ಫೋನಿಟ್ಟು ಕುರ್ಚಿ ಎಳೆದುಕೊಂಡು ಮೂರನೇ ಚಿತ್ರದ ಗೋಡೆಯನ್ನು ನೆಟ್ಟಗೆ ಮಾಡಿದ. ಆಮೇಲೆ ಉಳಿದವನ್ನೂ ಒಂದೊಂದಾಗಿ ತೆರೆದು, ಯಾರೂ ಬೈಯದಿದ್ದರೂ, ಬೇಡವಾದವನ್ನು ಅಳಿಸುತ್ತ ಹೋದ.