ಎಲಾದಿಯೊನ ಮರಕ್ಕೆ ನೀರು ಸಾಕು

ದೆಲ್ಫಿನಾಳ ಹಿತ್ತಲಿನ ಬೆಣ್ಣೆಹಣ್ಣಿನ ಮರ ತುದಿಯಿಂದ ಒಣಗುತ್ತಿತ್ತು. ಮೊದಲು ಎಲೆ ಸಣ್ಣದಾಯಿತು, ಆಮೇಲೆ ಹಳದಿಯಾಯಿತು, ಆಮೇಲೆ ಉದುರತೊಡಗಿತು. ಮರ ಬೋಳಾದಷ್ಟೂ ಅವಳು ಹೆಚ್ಚು ನೀರು ಹೊತ್ತಳು. ಬೆಳಗ್ಗೆ ರೊಟ್ಟಿಗೆ ಜೋಳ ಅರೆಯುವ ಮೊದಲು ಒಂದು ಕೊಡ, ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಇನ್ನೊಂದು ಕೊಡ. ಗಂಡ ನಿಕನೋರ್ ಬೇಸಿಗೆಯಲ್ಲಿ ಮರದ ಬುಡಕ್ಕೆ ಆಳವಾದ ಪಾತಿ ತೋಡಿ, ಊರ ಕಾಲುವೆಯಿಂದ ಒಂದು ಕವಲನ್ನೂ ತಿರುಗಿಸಿ ಕೊಟ್ಟಿದ್ದ. ಈಗ ಮಳೆಗಾಲ. ದಿನಾ ಮಧ್ಯಾಹ್ನ ಮಳೆ ಸುರಿದು ಪಾತಿ ಹೊಂಡವಾಗಿ ನಿಂತಿತ್ತು. ಆದರೂ ದೆಲ್ಫಿನಾಳ ಕೊಡ ನಿಂತಿರಲಿಲ್ಲ.

ಊರಿನವರು ನೋಡಿಯೂ ನೋಡದವರಂತೆ ಹೋಗುತ್ತಿದ್ದರು. ಮಗನನ್ನು ಕಳೆದುಕೊಂಡವಳಿಗೆ ಏನು ಹೇಳುವುದು ಎಂದು ಸುಮ್ಮನಿದ್ದರು. ಹೇಳಬೇಕಿತ್ತು. ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಮರ್ಯಾದೆ ಎಂದುಕೊಂಡವರ ಕಣ್ಣೆದುರೇ ಆ ಮರ ಸಾಯುತ್ತಿತ್ತು.

ಅದು ಎಲಾದಿಯೊನ ಮರ. ಅವನು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಆ ಜಾಗದಲ್ಲಿ ಹೂತು, ಅದರ ಮೇಲೆಯೇ ಒಂದು ಬೀಜ ಊರಿದ್ದರು. ಹುಡುಗನೂ ಮರವೂ ಜೊತೆಯಾಗಿ ಬೆಳೆದರು. ಅದರ ಹಣ್ಣು ಕಪ್ಪಗೆ, ಸಿಪ್ಪೆ ಎಷ್ಟು ತೆಳುವೆಂದರೆ ಸಿಪ್ಪೆಸಮೇತ ತಿನ್ನಬಹುದು. ಶಾಲೆಯಿಂದ ಬಂದ ಎಲಾದಿಯೊ ಚೀಲ ಎಸೆದು, ಒಲೆಯ ಮೇಲಿನ ರೊಟ್ಟಿ ಕಿತ್ತುಕೊಂಡು, ಅದರ ಮೇಲೆ ಹಣ್ಣು ಕಿವುಚಿ, ಉಪ್ಪು ಉದುರಿಸಿ ನಿಂತಲ್ಲೇ ತಿನ್ನುತ್ತಿದ್ದ. ಅದೇ ಮರದ ಎಲೆಯನ್ನು ಹುರಿದು ದೆಲ್ಫಿನಾ ಹುರುಳಿಕಾಯಿ ಬೀಜದ ಸಾರಿಗೆ ಹಾಕಿದರೆ ಸೋಂಪಿನ ಘಮ ಬೀದಿಯವರೆಗೂ ಬರುತ್ತಿತ್ತು.

ಮೀಸೆ ಮೂಡುವ ವಯಸ್ಸಿಗೆ ಎಲಾದಿಯೊ ಹೋದ. ಹೊಟ್ಟೆನೋವೆಂದು ಮಲಗಿದ. ಪಟ್ಟಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಳಗೆ ಕರುಳು ಒಡೆದಿತ್ತು. ಆಪರೇಷನ್ ಆದ ಮೇಲೆ ಒಂದು ಹನಿಯನ್ನೂ ಬಾಯಿಗೆ ಹಾಕಬೇಡಿ ಎಂದು ನರ್ಸು ಹೇಳಿದ್ದಳು. ಹುಡುಗ "ಅಮ್ಮಾ, ನೀರು" ಎಂದು ಕೇಳುತ್ತಲೇ ಇದ್ದ. ದೆಲ್ಫಿನಾ ಒದ್ದೆ ಹತ್ತಿಯಿಂದ ತುಟಿ ಒರೆಸಿದಳೇ ಹೊರತು ನೀರು ಕೊಡಲಿಲ್ಲ. ಅವನು ಬಾಯಾರಿಕೊಂಡೇ ಸತ್ತ.

ಸತ್ತವರ ಹಬ್ಬದಲ್ಲಿ ಎಲ್ಲರ ಮನೆಯ ಮೇಜಿನ ಮೇಲೂ ಒಂದು ಲೋಟ ನೀರಿಡುತ್ತಾರೆ. ಅಷ್ಟು ದೂರ ನಡೆದು ಬರುವ ಜೀವಕ್ಕೆ ದಾಹವಿರುತ್ತದಲ್ಲ. ದೆಲ್ಫಿನಾ ಲೋಟದ ಬದಲು ಹೂಜಿಯನ್ನೇ ಇಟ್ಟಳು. ಬೆಳಗ್ಗೆ ನೋಡಿದರೆ ನೀರು ಒಂದಿಷ್ಟು ಇಳಿದಿತ್ತು. ಆವತ್ತಿನಿಂದ ಶುರುವಾಯಿತು ಆ ಮರಕ್ಕೆ ನೀರು ಹೊರುವುದು.

ಚರ್ಚಿನಲ್ಲಿ ಎಲಾದಿಯೊಗೆ ಹೆಸರಿಡುವಾಗ ಧರ್ಮತಾಯಿಯಾಗಿ ನಿಂತಿದ್ದ ತೊಮಾಸಾ ಇಳಿಜಾರಿನ ಮೇಲ್ಗಡೆ ಮನೆಯವಳು. ಹಿತ್ತಿಲ ಮರಗಳ ಹಣ್ಣು ಕೊಂಡು ಸಂತೆಯಲ್ಲಿ ಮಾರುತ್ತಿದ್ದಳು. ಮಗುವಿನ ತಾಯಿಯೂ ಧರ್ಮತಾಯಿಯೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದೇ ಕರೆಯಬೇಕು, ಬಹುವಚನದಲ್ಲೇ ಮಾತಾಡಬೇಕು. ಜಗಳವಾಡಿದರೂ ಬಹುವಚನದಲ್ಲೇ. ತೊಮಾಸಾ ಆ ಬಹುವಚನದಲ್ಲೇ ಎಂಥವರ ಚರ್ಮವನ್ನೂ ಸುಲಿಯಬಲ್ಲವಳು.

ಆ ಮಳೆಗಾಲದಲ್ಲಿ ಹಣ್ಣು ಕೊಳ್ಳಲು ಬಂದ ಅವಳು ದೆಲ್ಫಿನಾಳ ಹಿತ್ತಲಲ್ಲಿ ಬುಟ್ಟಿ ಇಳಿಸಿ ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ಕೊಮಾದ್ರೆ, ಇದು ಹಣ್ಣೋ, ಮಕ್ಕಳಾಡೋ ಗೋಲಿಯೋ?"

"ಈ ವರ್ಷ ಸೊರಗಿದೆ. ದೋನ್ ಗೋಯೊ ಬೂದಿ ಉಗುಳಿದ್ನಲ್ಲ, ಎಲೆ ಸುಟ್ಟೋಯ್ತು," ಎಂದು ದೆಲ್ಫಿನಾ, ಊರವರು ಆ ಹೆಸರಿನಿಂದ ಕರೆಯುವ ಹೊಗೆಯಾಡುವ ಬೆಟ್ಟದ ಕಡೆ ಗದ್ದ ಎತ್ತಿದಳು.

"ದೋನ್ ಗೋಯೊ ನನ್ನ ಮರದ ಮೇಲೂ ಉಗುಳಿದ. ನಂದು ಹಸಿರಾಗೇ ಇದೆ. ಪಾಪ, ಆ ಮುದಿ ಬೆಟ್ಟದ ಮೇಲೆ ಯಾಕೆ ಹಾಕ್ತೀರಿ?"

"ಹಂಗಾದ್ರೆ ಯಾರದ್ದೋ ಕಣ್ಣು ಬಿದ್ದಿದೆ."

"ಯಾರ ಕಣ್ಣೂ ಇಲ್ಲ. ನಿಮ್ಮ ಕೊಡ ಬಿದ್ದಿದೆ. ಈ ಹೊಂಡ ನೋಡಿ, ಬಾತುಕೋಳಿ ಸಾಕಬಹುದು."

ದೆಲ್ಫಿನಾಳ ಮುಖ ಕೆಂಪಾಯಿತು. "ಬಾಯಾರಿದ ಮರಕ್ಕೆ ನೀರು ಹಾಕೋದು ತಪ್ಪಾ? ಎಲೆ ಜೋತುಬಿದ್ದಿರೋದು ನಿಮಗೆ ಕಾಣಲ್ವಾ?"

"ಮುಳುಗ್ತಾ ಇರೋನೂ ಬಾಯಿ ಬಿಡ್ತಾನೆ, ಕೊಮಾದ್ರೆ. ಅವನಿಗೆ ನೀರು ಕುಡಿಸ್ತೀರಾ?"

ತೊಮಾಸಾ ಪಕ್ಕದಲ್ಲಿ ನಿಂತಿದ್ದ ನಿಕನೋರನ ಕೈಯಿಂದ ಗುದ್ದಲಿ ತೆಗೆದುಕೊಂಡು ಪಾತಿಯ ಅಂಚಿನಲ್ಲಿ ಅಗೆದಳು. ಗುಂಡಿಯೊಳಗೆ ಕಂದು ನೀರು ಒಸರಿತು. ಕೊಳೆತ ವಾಸನೆ ಬಂತು. ಕೈಹಾಕಿ ಒಂದು ಹಿಡಿ ಬೇರು ಎಳೆದಳು. ಅವು ಕರಿಯ ನಾರಿನಂತಿದ್ದವು. ಹಿಡಿದರೆ ಸಿಪ್ಪೆ ಜಾರಿತು, ಬಗ್ಗಿಸಿದರೆ ಮುರಿದವು.

"ಹಿಡೀರಿ. ಹಿಡಿದು ನೋಡಿ. ಈಗ ನನ್ನ ಜೊತೆ ಮೇಲೆ ಬನ್ನಿ."

ತನ್ನ ಮರದ ಕೆಳಗೆ ಕೂತು ತೊಮಾಸಾ ಒಣ ತರಗೆಲೆ ಸರಿಸಿದಳು. ಅಗೆಯುವ ಕೆಲಸವೇ ಇರಲಿಲ್ಲ. ಎಲೆಯ ಹಾಸಿನಡಿಯೇ ಶಾವಿಗೆಯಂಥ ಬಿಳಿ ಬೇರುಗಳು ಹರಡಿದ್ದವು.

"ಈ ಮರದ ಬಾಯಿ ಇಷ್ಟು ಮೇಲೇ ಇರೋದು. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮಣ್ಣು ಯಾವಾಗ್ಲೂ ಕೆಸರಾಗಿದ್ರೆ ಒಳಗಿರೋ ರೋಗ ಎದ್ದು ಬೇರನ್ನ ತಿನ್ನುತ್ತೆ. ಬೇರು ಹೋದ್ಮೇಲೆ ಕೆರೇಲಿ ನಿಲ್ಸಿದ್ರೂ ಮರ ಕುಡಿಯೋಕಾಗಲ್ಲ. ಎಲೆ ಬಾಡುತ್ತೆ. ನೀವು ದಾಹ ಅಂದ್ಕೊಂಡು ಇನ್ನೊಂದು ಕೊಡ ಸುರೀತೀರಿ. ನಮ್ಮ ತೋಟದವರು ಈ ರೋಗಕ್ಕೆ ದುಃಖ ಅಂತಾನೇ ಹೆಸರಿಟ್ಟಿದ್ದಾರೆ."

ದೆಲ್ಫಿನಾ ಬೇರುಗಳನ್ನು ನೋಡುತ್ತಲೇ ಇದ್ದಳು. ಆಮೇಲೆ ಕೈಯಲ್ಲೇ ಉಳಿದಿದ್ದ ತನ್ನ ಮರದ ಕರಿ ಬೇರನ್ನು ನೆಲಕ್ಕೆ ಎಸೆದಳು.

"ಅವನು ನೀರು ಕೇಳಿದ. ನಾನು ಕೊಡಲಿಲ್ಲ. ಆವತ್ತು ಆ ನರ್ಸು ಬೇಡ ಅಂದ್ಲು. ಇವತ್ತು ನೀವು ಬೇಡ ಅಂತೀರಿ. ನನ್ನ ಮಗನಿಗೆ ನೀರು ಕೊಡಬೇಡ ಅನ್ನೋಕೆ ನೀವೆಲ್ಲಾ ಯಾರು?"

ತೊಮಾಸಾ ತರಗೆಲೆಯನ್ನು ಮತ್ತೆ ಬೇರಿನ ಮೇಲೆ ಎಳೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ದೀಕ್ಷಾಸ್ನಾನದ ನೀರು ಅವನ ತಲೆಗೆ ಬಿದ್ದಾಗ ಎತ್ತಿಕೊಂಡಿದ್ದವಳು ನಾನು. ನನಗೂ ಅವನು ಮಗನೇ. ಅವನಿಗೆ ನೀರು ಕೊಡಿ, ಕೊಮಾದ್ರೆ. ಅವನ ಪಟದ ಮುಂದೆ ಲೋಟ ತುಂಬಿಸಿಡಿ. ದಿನಾ ಇಡಿ, ಯಾರು ಬೇಡ ಅಂತಾರೆ ನೋಡ್ತೀನಿ. ಆದ್ರೆ ಈ ಮರ ಅವನಲ್ಲ. ಅವನು ಹತ್ತಿ ಆಡ್ತಿದ್ದ ಮರ, ಅಷ್ಟೇ."

ದೆಲ್ಫಿನಾ ಇಳಿದು ಹೋದಳು. ಮಾರನೆಯ ಬೆಳಗ್ಗೆ ಅವಳು ಕೊಡ ತುಂಬಿಕೊಂಡು ಬರುವಷ್ಟರಲ್ಲಿ ನಿಕನೋರ್ ಪಾತಿಯ ಕಟ್ಟೆ ಒಡೆಯುತ್ತಿದ್ದ. ಮಾತು ಕಡಿಮೆಯ ಆಸಾಮಿ. ತಲೆ ಎತ್ತದೆ ಅಂದ: "ಇದನ್ನ ತೋಡಿದ್ದು ನಾನು. ನಾನೇ ಮುಚ್ತೀನಿ. ಬೈಯೋದಿದ್ರೆ ನನ್ನ ಬೈಯಿ." ಅವಳು ಬೈಯಲಿಲ್ಲ. ಕೊಡವನ್ನು ನೆಲಕ್ಕಿಟ್ಟು, ನೀರು ಹರಿದುಹೋಗಲು ಅವನು ತೋಡಿದ ಚರಂಡಿಯ ಕಸ ಎತ್ತಿದಳು.

ತೊಮಾಸಾ ಹೇಳಿದ್ದನ್ನೆಲ್ಲ ಮಾಡಿದರು. ಕಾಲುವೆಯ ಕವಲು ಮುಚ್ಚಿದರು. ಒಣ ಕೊಂಬೆ ಕಡಿದರು. ಬುಡದ ಸುತ್ತ ತರಗೆಲೆ ಹಾಸಿದರು, ಕಾಂಡಕ್ಕೆ ತಾಗದಂತೆ. ಎಲೆಯಿಲ್ಲದ ತೊಗಟೆ ಬಿಸಿಲಿಗೆ ಸುಡದಿರಲೆಂದು ಸುಣ್ಣ ಬಳಿದರು. ಆದರೂ ಮರ ಚಿಗುರಲಿಲ್ಲ. ಕೆಲವು ತಪ್ಪುಗಳನ್ನು ತಡವಾಗಿ ತಿದ್ದಿದರೆ ತಿದ್ದಿದ ಸಮಾಧಾನವಷ್ಟೇ ಉಳಿಯುತ್ತದೆ.

"ನಾನು ಸುಳ್ಳು ಹೇಳಲ್ಲ, ಇದು ಹೋಗ್ತಾ ಇದೆ," ಎಂದಳು ತೊಮಾಸಾ.

"ಇಲ್ಲೇ ಇದರದ್ದೇ ಬೀಜ ಹಾಕ್ತೀನಿ. ಅವನ ಬಳ್ಳಿ ಇರೋದು ಇಲ್ಲೇ."

"ಬೇಡ. ರೋಗ ಮರದಲ್ಲಲ್ಲ, ಈ ಮಣ್ಣಲ್ಲಿದೆ. ಇಲ್ಲಿ ನೆಟ್ಟಿದ್ದೂ ಸಾಯುತ್ತೆ. ಬೀಜದಿಂದ ಬಂದ ಮರ ಹಣ್ಣು ಬಿಡೋಕೆ ವರ್ಷಗಟ್ಟಲೆ ಕಾಯಿಸುತ್ತೆ. ಬಿಟ್ಟ ಹಣ್ಣು ತಾಯಿ ಹಾಗೇ ಇರುತ್ತೆ ಅಂತಾನೂ ಹೇಳೋಕಾಗಲ್ಲ. ಇದೇ ಹಣ್ಣು ಬೇಕಂದ್ರೆ ಕಸಿ ಕಟ್ಟಬೇಕು. ಬೇರೆ ಜಾಗದಲ್ಲಿ ನೆಡಬೇಕು."

"ಹಂಗಾದ್ರೆ ಅವನ ಜಾಗ ಖಾಲಿ ಬಿಡ್ಲಾ?"

"ಚೆಂಡುಹೂ ಹಾಕಿ. ಸತ್ತವರ ಹಬ್ಬಕ್ಕೆ ಬರೋವಾಗ ಆ ಹೂವಿನ ಬಣ್ಣ ನೋಡಿ ದಾರಿ ಕಾಣ್ಲಿ ಅವನಿಗೆ."

ದೆಲ್ಫಿನಾ ಆ ದಿನ ಊಟ ಮಾಡಲಿಲ್ಲ.

ಚಳಿ ಬಂದು ಮಳೆ ನಿಂತಾಗ, ಮರದ ಪೂರ್ವದ ಕಡೆ ಇನ್ನೂ ಹಸಿರಿದ್ದ ಒಂದೇ ಕೊಂಬೆಯಿಂದ ಉಬ್ಬಿದ ಮೊಗ್ಗಿದ್ದ ಕಡ್ಡಿಗಳನ್ನು ಕೊಯ್ದರು. ತೊಮಾಸಾಳ ಅಂಗಳದಲ್ಲಿ ಚೀಲದ ಒಳ್ಳೆಯ ಮಣ್ಣಲ್ಲಿ ಬೆಳೆದ ಸಸಿಗಳಿದ್ದವು, ಪೆನ್ಸಿಲ್ ದಪ್ಪದವು. ಅವಳು ಸಸಿಯ ತಲೆ ಕತ್ತರಿಸಿ, ಸೀಳಿ, ಬೆಣೆಯಂತೆ ಹೆರೆದ ಕಡ್ಡಿಯನ್ನು ಒಳಗಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ನೆರಳಿನಲ್ಲಿಟ್ಟಳು. ದೆಲ್ಫಿನಾ ದಿನಾ ಬಂದು ಬಗ್ಗಿ ನೋಡುತ್ತಿದ್ದಳು.

"ಮುಟ್ಟಬೇಡಿ! ತೊಟ್ಟಿಲ ಮಗು ಮಲಗಿದ್ದಾಗ ಎಬ್ಬಿಸಿ ಎಬ್ಬಿಸಿ ನೋಡ್ತಾರಾ?" ಎಂದು ತೊಮಾಸಾ ಗದರುತ್ತಿದ್ದಳು. ಹೀಗೆ ಬಿಟ್ಟರೆ ಆಗದೆಂದು ಅವಳನ್ನು ಸಂತೆಗೂ ಎಳೆದೊಯ್ದಳು.

ದೆಲ್ಫಿನಾ ಬೆಣ್ಣೆಹಣ್ಣನ್ನು ಯಾವತ್ತೂ ಕೊಂಡವಳಲ್ಲ. ಮನೆಯಲ್ಲೇ ಮರವಿದ್ದವಳಿಗೆ ಕೊಳ್ಳುವ ಗರಜಿರಲಿಲ್ಲ. ಆ ದಿನ ತೊಮಾಸಾಳ ರಾಶಿಯ ಮುಂದೆ ಗಿರಾಕಿಯಂತೆ ಕೂತು ದಪ್ಪ ಸಿಪ್ಪೆಯ ಒಂದು ತೋಟದ ಹಣ್ಣಿಗೆ ಹೆಬ್ಬೆರಳು ಒತ್ತಿದಳು.

"ತೆಗೀರಿ ಬೆರಳು! ಅದು ಹಣ್ಣು, ಹಸುವಿನ ಕೆಚ್ಚಲಲ್ಲ. ನೀವು ಒತ್ತಿ ಇಟ್ಟು ಹೋಗ್ತೀರಿ, ನಾಳೆ ಒಳಗೆ ಕಪ್ಪಾಗಿರುತ್ತೆ, ಬೈಸಿಕೊಳ್ಳೋಳು ನಾನು. ಅಂಗೈಲಿಟ್ಟು ಇಡೀ ಕೈಯಿಂದ ಮೆಲ್ಲಗೆ ಅದುಮಿ. ಕೊಂಚ ಬಗ್ಗಿದ್ರೆ ಇವತ್ತೇ ತಿನ್ನಿ. ತುದೀಲಿರೋ ತೊಟ್ಟಿನ ತುಂಡು ಮುಟ್ಟಿದ್ರೆ ತಾನಾಗೇ ಕಳಚಿ ಬಂದು ಕೆಳಗೆ ಹಸಿರಿದ್ರೆ ಒಳ್ಳೇದು, ಕಂದಾಗಿದ್ರೆ ಕಳಿತಿದೆ ಅಂತ ತಿಳ್ಕೊಳ್ಳಿ. ಗಟ್ಟಿ ಇರೋದನ್ನ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ, ಹಣ್ಣಾಗುತ್ತೆ. ಕಾಯನ್ನ ಫ್ರಿಜ್ಜಿಗೆ ತುರುಕಬೇಡಿ, ಹಣ್ಣಾದ್ಮೇಲೆ ಇಡಿ."

"ನನ್ನ ಹತ್ರ ಫ್ರಿಜ್ಜೆಲ್ಲಿದೆ?"

"ನಾಲಿಗೆ ಇದೆಯಲ್ಲ, ಅಷ್ಟು ಸಾಕು," ಎಂದು ತೊಮಾಸಾ ಹಣ್ಣು ಸೀಳಿ, ಬಿಸಿ ರೊಟ್ಟಿಯ ಮೇಲೆ ಹಚ್ಚಿ, ಉಪ್ಪು ಉದುರಿಸಿ ಕೈಗಿಟ್ಟಳು. ಮಗ ಹೋದ ಮೇಲೆ ದೆಲ್ಫಿನಾ ಈ ಹಣ್ಣು ಬಾಯಿಗಿಟ್ಟಿರಲಿಲ್ಲ. ಒಂದು ತುತ್ತು ಕಚ್ಚಿದಳು. ಅಗಿಯುತ್ತಲೇ ಕಣ್ಣೀರು ಹರಿಯಿತು. ತೊಮಾಸಾ ನೋಡಿದರೂ ನೋಡದವಳಂತೆ ಇನ್ನೊಬ್ಬ ಗಿರಾಕಿಯ ಬೆರಳನ್ನು ಬೈಯತೊಡಗಿದಳು. ದೆಲ್ಫಿನಾ ರೊಟ್ಟಿ ಪೂರ್ತಿ ತಿಂದಳು.

ಕಸಿಗಳಲ್ಲಿ ಹೆಚ್ಚಿನವು ಕಪ್ಪಾಗಿ ಉದುರಿದವು. ಒಂದು ಮಾತ್ರ ಕಣ್ಣು ಬಿಟ್ಟು ಕೆಂಪು ಚಿಗುರು ಹಾಕಿತು.

ಮಳೆಗೆ ಮುಂಚೆ ನಿಕನೋರ್ ಹಳೆಯ ಮರ ಕಡಿದ. ದೆಲ್ಫಿನಾ ಒಳಗೆ ಹೋಗಲಿಲ್ಲ. ಮರ ಗೋಡೆಯ ಮೇಲೆ ಬೀಳದಂತೆ ಹಗ್ಗ ಹಿಡಿದು ನಿಂತಳು. ಅದು ಬಿದ್ದಾಗ ಹಗ್ಗ ಬಿಡಬೇಕಿತ್ತು, ಬಿಡಲಿಲ್ಲ. ಅಂಗೈ ಸುಲಿದುಹೋಯಿತು.

ಕಸಿಯ ಸಸಿಯನ್ನು ಹಿತ್ತಿಲ ಎತ್ತರದ ಕಡೆ, ಜೋಳದ ಕಣಜದ ಹಿಂದೆ, ಮಣ್ಣು ಏರಿಸಿ ಗುಡ್ಡೆ ಮಾಡಿ ನೆಟ್ಟರು. ನೀರು ಸುತ್ತಲೂ ಇಳಿದು ಹೋಗುವಂತೆ. ಕಸಿಯ ಗಂಟು ಮಣ್ಣಿನ ಮೇಲೇ ಇರುವಂತೆ. ಹಳೆಯ ಗುಂಡಿಯ ಒಂದು ಹಿಡಿ ಮಣ್ಣನ್ನೂ ತೊಮಾಸಾ ತರಗೊಡಲಿಲ್ಲ. ಗುದ್ದಲಿಯನ್ನೂ ತೊಳೆಸಿದಳು. ಎಳೆಯ ಸಸಿಗೆ ನೀರು ಬೇಕೇ ಬೇಕು, ಆದರೆ ಕೇಳಿ ಕೊಡಿ ಎಂದಳು.

"ಯಾರನ್ನ ಕೇಳಲಿ?"

"ಮಣ್ಣನ್ನ. ಬೆರಳು ಹಾಕಿ ಕೇಳಿ."

ಎರಡು ದಿನ ಮಳೆ ಬರಲಿಲ್ಲ. ಬೆಳಗ್ಗೆ ದೆಲ್ಫಿನಾ ತಂಬಿಗೆ ತುಂಬಿಕೊಂಡು ಗುಡ್ಡೆಯ ಬಳಿ ಬಂದಳು. ಕೂತು ಮಣ್ಣಿಗೆ ಬೆರಳು ಇಳಿಸಿದಳು. ಮೇಲೆ ಒಣಗಿತ್ತು, ಒಳಗೆ ತಂಪಾಗಿತ್ತು. ತಂಬಿಗೆ ಹಿಡಿದ ಕೈ ಬಗ್ಗಿತು. ಮತ್ತೆ ನೆಟ್ಟಗಾಯಿತು. ಆಮೇಲೆ ತಂಬಿಗೆಯನ್ನು ತನ್ನ ಬಾಯಿಗೆ ಎತ್ತಿ, ಒಂದು ಗುಟುಕೂ ಉಳಿಸದೆ ಕುಡಿದಳು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಹಿತ್ತಿಲಲ್ಲೂ ಬೆಣ್ಣೆಹಣ್ಣಿನ ಗಿಡ ಬೆಳೆಸಿ, ಮಕ್ಕಳಿಗೆ ತಿನ್ನಿಸಿ. ನೀರು ನಿಲ್ಲದ ಎತ್ತರದ ಜಾಗ ನೋಡಿ ಕಸಿ ಸಸಿಯನ್ನೇ ನೆಡಿ. ಎಲೆ ಬಾಡಿದೆ ಎಂದು ಓಡಿಹೋಗಿ ನೀರು ಸುರಿಯಬೇಡಿ, ಮೊದಲು ಮಣ್ಣಿಗೆ ಬೆರಳು ಹಾಕಿ. ಬೇರು ಕೊಳೆತು ಸತ್ತ ಮರದ ಗುಂಡಿಗೇ ಮತ್ತೊಂದು ಬೆಣ್ಣೆಹಣ್ಣಿನ ಸಸಿ ಇಡಬೇಡಿ. ಪಕ್ಕದ ಮನೆಯವರು ತಪ್ಪು ಮಾಡುತ್ತಿದ್ದರೆ, ಅವರ ದುಃಖ ಎಷ್ಟೇ ದೊಡ್ಡದಿರಲಿ, ಹೋಗಿ ಬಾಯಿಬಿಟ್ಟು ಹೇಳಿ. ಬೈಸಿಕೊಂಡರೂ ಹೇಳಿ. ಇನ್ನು ನಿಮಗೇ ಅಳು ಬಂದರೆ ಮರದ ಕೆಳಗೆ ಕೂತು ಅತ್ತುಬಿಡಿ. ಅಷ್ಟು ನೀರಿಗೆ ಯಾವ ಬೇರೂ ಕೊಳೆಯುವುದಿಲ್ಲ.