ಹಸಿರು ಕಣ್ಣಿನ ಗಾಜಿನ ಹಕ್ಕಿ

ಹೊಳಲ್ಕೆರೆಯ ತನ್ನ ಬಳೆ ಅಂಗಡಿ ಮುಂದೆ ಪೊಲೀಸ್ ಜೀಪು ನಿಂತಾಗ ಕೈಸರ್ ಗಿರಾಕಿಯೊಬ್ಬಳಿಗೆ ಬಳೆ ತೊಡಿಸುತ್ತಿದ್ದಳು. ಎಸ್‌ಐ ಗೋವರ್ಧನ ಒಳಗೆ ಬಂದು, ಬಟ್ಟೆ ಬಿಚ್ಚಿ, ಗಾಜಿನ ಹಕ್ಕಿಯೊಂದನ್ನು ಅವಳ ಮುಂದಿಟ್ಟರು.

"ಇದನ್ನ ನೂರು ವರ್ಷದ ಫಾರಿನ್ ಹಕ್ಕಿ ಅಂತ ಮಾರಿ ಒಬ್ಬ ಸಿಕ್ಕಾಕ್ಕಂಡವ್ನೆ. ಹಕ್ಕಿ ಮ್ಯಾಲೆ ಮಾಡಿದೋನ ಹೆಸರಿಲ್ಲ, ಗುರುತಿಲ್ಲ. ಮಾಡಿದೋನೂ ಅವನ ಜೊತೆ ಸೇರವ್ನೆ ಅಂತ ನಮ್ಮ ಅನುಮಾನ. ಯಾರ ಕೆಲಸ ಇದು, ಗೊತ್ತಾಗುತ್ತಾ?"

ಕೈಸರ್ ಅದನ್ನು ಬೆಳಕಿಗೆ ಹಿಡಿದಳು. ಗಿಳಿಹಸಿರು ಕಣ್ಣು, ಸುತ್ತ ಕೂದಲೆಳೆಯಂಥ ಬಿರುಕು. ಏಳು ವರ್ಷದವಳಿದ್ದಾಗ ಅವಳು ಒಡೆದುಕೊಂಡು ಅತ್ತ ಬಳೆಯ ಬಣ್ಣವದು. ಸಮಾಧಾನ ಮಾಡಲು ಅಬ್ಬಾ ತಾವು ಊದಿದ ಗಾಜಿನ ಹಕ್ಕಿಗಳಿಗೆ ಆ ಚೂರುಗಳಿಂದಲೇ ಕಣ್ಣು ಕೂರಿಸಿದ್ದರು.

"ಗೊತ್ತಿಲ್ಲ ಸಾರ್."

"ಅಷ್ಟು ಬೇಗ ಯಾಕಮ್ಮಾ ಕೆಳಗಿಟ್ರಿ?"

"ಗಿರಾಕಿ ಕಾಯ್ತಾವ್ರೆ ಸಾರ್."

"ನಿಮ್ಮಪ್ಪ ದುರ್ಗದಾಗೆ ಲ್ಯಾಬಿಗೆ ಗಾಜಿನ ಸಾಮಾನು ಊದಿ ಮಾಡ್ತಿದ್ರಂತಲ್ಲ. ನಾಕು ಗಂಟೆಗೆ ಸ್ಟೇಷನ್‌ಗೆ ಕರ್ಕಂಡು ಬರ್ರಿ."

ಅಂಗಡಿ ಮುಚ್ಚಿ ಮನೆಗೆ ಓಡಿದಳು. ಕಪಾಟಿನಲ್ಲಿದ್ದ ಅಂಥದೇ ಹಕ್ಕಿಯನ್ನು ಅಕ್ಕಿ ಡಬ್ಬಿಯೊಳಗೆ ಹೂತಳು. "ಅಬ್ಬಾ, ನಿಮ್ಮ ಕಾಲಿಗೆ ಬೀಳ್ತೀನಿ. ನಂದಲ್ಲ ಅಂದ್ಬಿಡಿ."

ಎಪ್ಪತ್ನಾಲ್ಕರ ಅಬ್ದುಲ್ ರಶೀದ್ ಕೇಳಿದ್ದು ಒಂದೇ: "ರೆಕ್ಕೆ ಮುರಿದಿಲ್ಲ ತಾನೆ?"

ಸ್ಟೇಷನ್ನಿನಲ್ಲಿ ಅಬ್ಬಾ ಹಕ್ಕಿಯನ್ನು ಕೈಗೆ ತಗೊಂಡವರೇ, "ನಾನೇ ಮಾಡಿದ್ದು" ಅಂದರು.

"ಯಾರಿಗೆ ಮಾರಿದ್ರಿ?" ಗೋವರ್ಧನರ ದನಿ ಗಡುಸಾಯಿತು.

"ಮಾರಿಲ್ಲ ಸಾರ್. ನಾಕು ಮಾಡಿದ್ದೆ, ಮೂರನ್ನ ಓಣಿ ಮಕ್ಕಳಿಗೆ ಕೊಟ್ಟೆ. ಅದ್ರಾಗೊಂದು ಅವನ ಕೈ ಸೇರಿರಬೇಕು. ಆಟದ ಸಾಮಾನಿಗೆ ಹೆಸರೇನು ಹಾಕಾಣ?"

"ನಂಬೋದು ಹೆಂಗೆ?"

"ಕಣ್ಣಿನ ಸುತ್ತ ನೋಡ್ರಿ. ಲ್ಯಾಬ್ ಗಾಜು, ಬಳೆ ಗಾಜು ಆರುವಾಗ ಒಂದೇ ಸಮ ಕುಗ್ಗಲ್ಲ, ಬಿರುಕು ಬಿಡ್ತಾವೆ. ಕೆಲಸ ಕಲಿತೋನು ಯಾವನೂ ಇವೆರಡ್ನ ಬೆಸೆಯಲ್ಲ. ಮಗಳು ಅಳ್ತಿದ್ಲು, ಬೆಸೆದೆ."

ಗೋವರ್ಧನ ತಲೆಯಾಡಿಸಲಿಲ್ಲ. ಪೇದೆಯೊಬ್ಬ ಬಾಗಿಲ ಬಳಿ ಬಂದು ನಿಂತ. ಅಬ್ಬಾರನ್ನು ಇಲ್ಲೇ ಇರಿಸಿಕೊಳ್ಳುತ್ತಾರೆ ಎಂದು ಕೈಸರ್‌ಗೆ ಅನ್ನಿಸಿತು.

"ಸಾರ್, ಬೆಳಿಗ್ಗೆ ಸುಳ್ಳು ಹೇಳ್ದೆ," ಅಂದಳು. "ನಾಕನೇದು ನಮ್ಮನ್ಯಾಗೆ ಐತೆ. ಬಚ್ಚಿಟ್ಟಿದ್ದೆ."

ಪೇದೆಯ ಜೊತೆ ಹೋಗಿ ತಂದಳು. ಗೋವರ್ಧನ ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದರು. ಅದೇ ಹಸಿರು, ಅದೇ ಬಿರುಕು. ಆಮೇಲೆ ತಲೆ ಎತ್ತಿದರು.

"ಕುಂತ್ಕಳ್ರಿ ಸಾಬ್ರೆ. ಮಾರೋಕೆ ಮಾಡೋನು ಹಿಂಗೆ ಬಿರುಕು ಬಿಡಂಗೆ ಬೆಸೆಯಲ್ಲ, ಒಂದ್ನ ಮಗಳಿಗೂ ಇಟ್ಕಳಲ್ಲ. ಕೇಸಲ್ಲಿ ನೀವು ಸಾಕ್ಷಿ. ಕೋರ್ಟಿಗೆ ಬರಬೇಕಾಗುತ್ತೆ." ಮತ್ತೆ ಕೈಸರ್ ಕಡೆ ತಿರುಗಿ, "ಸುಳ್ಳು ಹೇಳಿದ್ದಕ್ಕೇ ನಿಮ್ಮಪ್ಪನ ಮೇಲೆ ಅನುಮಾನ ಜಾಸ್ತಿ ಆಗಿದ್ದು, ತಿಳೀತಾ?"

ಅಬ್ಬಾ ಹೇಳಿಕೆಗೆ ಸಹಿ ಹಾಕಿದರು. ಹೊರಗೆ ಬಂದ ಮೇಲೆ, "ನನ್ನ ಕೆಲಸಾನ ಫಾರಿನ್ನಿಂದು ಅಂದ್ರಂತೆ, ಕೇಳಿದೇನು?" ಎಂದು ನಕ್ಕರು. ಕೈಸರ್‌ಗೆ ನಗು ಬರಲಿಲ್ಲ. ಅವರ ತೋಳು ಬಿಗಿಯಾಗಿ ಹಿಡಿದು ನಡೆದಳು. ಹಿಂದೆ ಗಾಡಿ ಸದ್ದಾದಾಗಲೆಲ್ಲ ಮನೆ ಮುಟ್ಟುವವರೆಗೂ ತಿರುಗಿ ನೋಡುತ್ತಲೇ ಇದ್ದಳು.