ಬದುಕಿರುವವಳಿಗೆ ಎಳ್ಳುನೀರು

ಆಸ್ಟ್ರೇಲಿಯಾದ ಪರ್ತ್ ನಗರದ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ನಮ್ಮ ಮನೆಗೂ ಉದಯಶಂಕರ್ ಅವರ ಮನೆಗೂ ನಡುವೆ ಇರುವುದು ಒಂದು ತಗಡಿನ ಬೇಲಿ ಮಾತ್ರ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ನಾನು ಪದ್ಮಾ, ಇಲ್ಲಿನ ಕ್ಲಿನಿಕ್ಕಿನಲ್ಲಿ ವೈದ್ಯೆ. ಅವರು ಗಣಿ ಕಂಪನಿಯೊಂದರಲ್ಲಿ ಇಂಜಿನಿಯರ್. ಭಾನುವಾರ ಬಂದರೆ ಅಂಗಳದಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿ, ಜೋಳದ ತೆನೆ ಸುಟ್ಟು, ಬೀದಿಯ ಮಕ್ಕಳನ್ನೆಲ್ಲ ಕರೆದು ತಿನ್ನಿಸುವ ಮನುಷ್ಯ. ಇಂಥವರು ತಮ್ಮ ಮಗಳನ್ನು ಬದುಕಿರುವಾಗಲೇ ಸಾಯಿಸಲು ಹೊರಟರು ಎಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಅನನ್ಯಾ ಪರ್ತ್‌ನಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಹುಳಿಯನ್ನವನ್ನು ಮಾತ್ರ ಕನ್ನಡದಲ್ಲೇ ಕೇಳುವಳು. ಅಡಿಲೇಡಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಾಗ, ಒಮಾನಿನಿಂದ ತರಬೇತಿಗೆ ಬಂದಿದ್ದ ಡಾಕ್ಟರ್ ಹೈಥಮ್‌ನನ್ನು ಮೆಚ್ಚಿ ಮದುವೆಯಾದಳು. ಅವನ ಜೊತೆ ಮಸ್ಕತ್ತಿಗೆ ಹೋದಳು. ಅಲ್ಲಿ ಅವಳನ್ನು ಎಲ್ಲರೂ ಆಸ್ಟ್ರೇಲಿಯಾದ ಸೊಸೆ ಎನ್ನುತ್ತಾರಂತೆ. ಧರ್ಮದ ವಿಷಯ ಏನಾಯಿತು ಎಂದು ಇಲ್ಲಿ ನನ್ನನ್ನು ಕೇಳದವರಿಲ್ಲ. ಅದನ್ನು ಅವಳು ಯೋಚಿಸಿ ತೀರ್ಮಾನಿಸಿದ್ದಾಳೆ, ಅದು ನಿಮ್ಮ ಕಾಫಿಗೆ ನೆಂಚಿಕೊಳ್ಳುವ ವಿಷಯವಲ್ಲ ಎಂದು ಹೇಳಿ ಹಲವರ ಮುಖ ಸಪ್ಪೆ ಮಾಡಿದ್ದೇನೆ.

ಉದಯಶಂಕರ್ ಮದುವೆಗೆ ಹೋಗಲಿಲ್ಲ, ಹೆಂಡತಿ ಸುಭದ್ರಾಳನ್ನೂ ಕಳಿಸಲಿಲ್ಲ. ಗೋಡೆಯ ಮೇಲಿದ್ದ ಮಗಳ ಫೋಟೋ ಇಳಿಯಿತು. ಬ್ರಿಸ್ಬೇನಿನಲ್ಲಿ ಓದುತ್ತಿರುವ ಮಗ ವರುಣ್ ಅಕ್ಕನ ಸುದ್ದಿ ಎತ್ತಿದರೆ ಫೋನು ಅಮ್ಮನ ಕೈಗೆ ಹೋಗುತ್ತಿತ್ತು. ಸುಭದ್ರಾ ನಮ್ಮ ಮನೆಗೆ ಕರಿಬೇವು ಕೇಳುವ ನೆಪದಲ್ಲಿ ಬಂದು, ನನ್ನ ಅಡುಗೆಮನೆಯಲ್ಲಿ ಕೂತು ಮಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ಹೈಥಮ್‌ನ ತಾಯಿಯೂ ತೆರೆಯ ಮೇಲೆ ಬರುತ್ತಿದ್ದರು. ಅವರದು ಸಿನಿಮಾ ನೋಡಿ ಕಲಿತ ಹಿಂದಿ, ಇವಳದು ಮೈಸೂರಿನ ಶಾಲೆಯ ಹಿಂದಿ. ಎರಡೂ ಹರಕು ಮುರುಕು, ಆದರೂ ಬೀಗಿತ್ತಿಯರ ಹರಟೆಗೆ ಕೊನೆಯಿರುತ್ತಿರಲಿಲ್ಲ.

ಈ ವರ್ಷ ಅನನ್ಯಾ ಬಸುರಿಯಾದಳು. ತಾವು ಎಷ್ಟು ನೋಡಿಕೊಂಡರೂ ಹೆರುವ ಹುಡುಗಿಗೆ ಹೆತ್ತ ತಾಯಿ ಬೇಕು, ಬನ್ನಿ ಎಂದು ಬೀಗಿತ್ತಿ ಕರೆದರು. ಅಳಿಯ ಟಿಕೆಟ್ ಕಳಿಸಿದ. ಸುಭದ್ರಾ ಧೈರ್ಯ ಮಾಡಿ ಗಂಡನಿಗೆ ಹೇಳಿದಳು.

ಮಹಾಲಯ ಅಮಾವಾಸ್ಯೆ ಹತ್ತಿರವಿತ್ತು. ಅಂದು ಹಿರಿಯರಿಗೆ ತರ್ಪಣ ಕೊಡುವಾಗ ಮಗಳ ಹೆಸರನ್ನೂ ಹೇಳಿ ಎಳ್ಳುನೀರು ಬಿಡುತ್ತೇನೆ, ಅಲ್ಲಿಗೆ ಸಂಬಂಧ ಮುಗಿಯಿತು ಎಂದರು ಉದಯಶಂಕರ್. ಇದು ಅವರ ಮನೆತನದ ಪದ್ಧತಿಯಂತೆ. ಜಾತಿ ಬಿಟ್ಟು ಮದುವೆಯಾದ ತಂಗಿಗೆ ಅವರ ತಾತ ಹೀಗೇ ಮಾಡಿದ್ದರಂತೆ.

ನನಗೆ ಮೈಯೆಲ್ಲ ಉರಿಯಿತು. ನೇರ ಅವರ ಹಾಲಿಗೇ ಹೋಗಿ ಕೂತೆ. ಅವರು ಶಾಂತವಾಗಿಯೇ ವಾದಿಸಿದರು. ಹಾಗೆ ದೂರದ ದೇಶಕ್ಕೆ ಹೋದ ಹೆಣ್ಣುಮಕ್ಕಳ ಗತಿ ಏನಾಯಿತೆಂದು ವಾಟ್ಸ್ಯಾಪ್‌ನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದರು. ಕೆಲವು ಮದುವೆಗಳು ಕೆಡುತ್ತವೆ, ಮಗಳನ್ನು ಪಕ್ಕದ ಬೀದಿಗೆ ಕೊಟ್ಟರೂ ಕೆಡುತ್ತವೆ ಎಂದೆ.

“ಅಲ್ಲಿ ಅವಳಿಗೆ ಕಷ್ಟ ಬರ್ಬಹುದು ಅಂತ ತಾನೇ ನಿಮ್ಮ ಭಯ? ಬಂದ್ರೆ ಅವಳು ತಟ್ಟೋದು ನಿಮ್ಮ ಬಾಗಿಲನ್ನೇ. ಆ ಬಾಗಿಲಿಗೇ ನೀವು ಮೊಳೆ ಹೊಡೀತಿದೀರಲ್ಲ.”

“ಮನೇಲಿ ನಡ್ಕೊಂಡು ಬಂದಿದ್ದು ಪದ್ಮಾ. ನಾನು ಬಿಟ್ಬಿಟ್ರೆ ನಮ್ಮಪ್ಪನಿಗೆ ಏನಂತ ಮುಖ ತೋರಿಸ್ಲಿ?”

ಅವರ ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು.

ಆಗ ಬಾಗಿಲಲ್ಲಿ ನಿಂತಿದ್ದ ಸುಭದ್ರಾ, ಎಂದೂ ಹೇಳದ ಒಂದು ವಿಷಯ ಹೇಳಿದಳು. ಅವಳ ಮದುವೆಯ ದಿನ ಛತ್ರದ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದರಂತೆ. ಇವಳ ಕೈಗೆ ಒಂದು ರವಿಕೆ ಕಣ ಇಟ್ಟು, ಗಲ್ಲ ಸವರಿ, ಊಟಕ್ಕೆ ಕರೆದರೂ ನಿಲ್ಲದೆ ಹೊರಟುಹೋದರಂತೆ. ಯಾರು ಎಂದು ಕೇಳಿದ್ದಕ್ಕೆ ಅತ್ತೆ, ಯಾರೂ ಅಲ್ಲ ಎಂದರಂತೆ. ತಾತ ಎಳ್ಳುನೀರು ಬಿಟ್ಟಿದ್ದ ತಂಗಿ ಅವರೇ ಎಂದು ಸುಭದ್ರಾಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಆ ಮುದುಕಿ ತೀರಿಕೊಂಡ ನಂತರ.

“ನಮ್ಮ ಅನು ಹಾಗೆ ಛತ್ರದ ಬಾಗಿಲಲ್ಲಿ ನಿಲ್ಲೋದು ಬೇಡ,” ಎಂದಳು.

ಉದಯಶಂಕರ್ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದರು. ನಾನು ಸೋತೆನೆಂದೇ ಮನೆಗೆ ಬಂದೆ.

ಅಮಾವಾಸ್ಯೆ ಬಂತು. ಸುಭದ್ರಾಳ ವಿಮಾನವೂ ಅಂದೇ ಸಂಜೆ. ನಾನು ಕಾರು ತಂದು ನಿಲ್ಲಿಸಿ ಒಳಗೆ ಹೋದಾಗ ಉದಯಶಂಕರ್ ಪಂಚೆಯುಟ್ಟು, ಬೆರಳಿಗೆ ದರ್ಭೆ ತೊಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ತೆರೆಯ ಮೇಲೆ ಮೈಸೂರಿನ ಪುರೋಹಿತ ಸತ್ಯನಾರಾಯಣ ಅವರು ಕಾಯುತ್ತಿದ್ದರು. ಎಳ್ಳಿನ ಡಬ್ಬಿ ಖಾಲಿ. ಪುಟ್ಟ ಬಟ್ಟಲೊಂದರಲ್ಲಿ ಒಂದಿಷ್ಟು ಕರಿ ಎಳ್ಳು ಇತ್ತು.

“ಇಷ್ಟೇನಾ?” ಎಂದರು.

“ನಿಮ್ಮ ಹಿರಿಯರಿಗೆ ಸಾಕಾಗತ್ತೆ. ಮಿಕ್ಕಿದ್ದೆಲ್ಲಾ ಬೆಲ್ಲ ಹಾಕಿ ಉಂಡೆ ಕಟ್ಟಿದೀನಿ, ಬಾಣಂತಿಗೆ,” ಎಂದಳು ಸುಭದ್ರಾ. “ಸತ್ತೋರಿಗೆ ಅಡುಗೆ ಮಾಡಿಟ್ಟಿದೀನಿ, ಒಂದೂ ಕಡಿಮೆ ಮಾಡಿಲ್ಲ. ಬದುಕಿರೋಳಿಗೆ ಎಳ್ಳು ಬಿಡೋದಾದ್ರೆ ನನ್ನ ಹೆಸರೂ ಸೇರ್ಸಿಬಿಡಿ. ನಾನು ಅವಳ ಹತ್ರಾನೇ ಹೋಗ್ತಿರೋದು.”

ಅವಳ ದನಿ ಏರಿರಲಿಲ್ಲ. ತೆರೆಯ ಮೇಲಿನ ಪುರೋಹಿತರು ಕನ್ನಡಕ ತೆಗೆದು ಒರೆಸತೊಡಗಿದರು.

ತರ್ಪಣ ನಡೆಯಿತು. ಅಪ್ಪ, ಅಮ್ಮ, ತಾತ, ಅಜ್ಜಿ. ಇನ್ನು ಯಾರ ಹೆಸರಾದರೂ ಇದೆಯೇ ಎಂದು ಪುರೋಹಿತರು ಕೇಳಿದರು. ಉದಯಶಂಕರ್ ಎಳ್ಳಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

“ತಾತನ ತಂಗಿ ಹೆಸರು ಏನಿತ್ತು?”

ಸುಭದ್ರಾಳಿಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಉಚ್ಚರಿಸಿದ್ದೇ ಇಲ್ಲ. ಹೆಸರು ತಿಳಿಯದಿದ್ದರೂ ಕೊಡಬಹುದು ಎಂದರು ಪುರೋಹಿತರು. ಉಳಿದಿದ್ದ ಎಳ್ಳನ್ನು ಉದಯಶಂಕರ್ ಹೆಸರಿಲ್ಲದ ಆ ಹೆಣ್ಣುಮಗಳಿಗೆ ಬಿಟ್ಟರು.

ನಾವು ಹೊರಟಾಗ ಅವರು ಗೇಟಿನವರೆಗೆ ಬಂದರು. ಅಮಾವಾಸ್ಯೆ ದಿನ ಯಾರಾದರೂ ಪ್ರಯಾಣ ಮಾಡುತ್ತಾರೆಯೇ ಎಂದು ಗೊಣಗಿದರು. ಸುಭದ್ರಾ ಕಾರು ಹತ್ತಿದಳು.

“ಬಜೆ ತೇಯೋ ಕಲ್ಲು ಇಟ್ಕೊಂಡ್ಯಾ?”

“ಭಾರ ಆಗತ್ತೆ ಅಂತ ಬಿಟ್ಟೆ.”

ಅವರು ಒಳಗೆ ಹೋಗಿ ಕಲ್ಲು ತಂದರು. ಅನನ್ಯಾ ಹುಟ್ಟಿದಾಗ ಅವರ ತಾಯಿ ಮೈಸೂರಿನಿಂದ ಹೊತ್ತು ತಂದಿದ್ದ ಕಲ್ಲು ಅದು. ಎಳೆಗೂಸಿಗೆ ಬಜೆ ತಿನ್ನಿಸಬೇಡಿ ಎಂದು ಕ್ಲಿನಿಕ್ಕಿನಲ್ಲಿ ತಾಯಂದಿರಿಗೆ ಗಂಟಲು ಹರಿಯುವಂತೆ ಹೇಳುವವಳು ನಾನು. ಅಂದು ಬಾಯಿ ಮುಚ್ಚಿಕೊಂಡು ಇಳಿದು, ಡಿಕ್ಕಿ ತೆಗೆದು, ಅವರು ಅದನ್ನು ಸೀರೆಗಳ ನಡುವೆ ಜೋಪಾನವಾಗಿ ಇಡುವವರೆಗೂ ಸೂಟ್‌ಕೇಸಿನ ಮುಚ್ಚಳ ಹಿಡಿದು ನಿಂತೆ.